ಕ್ವಾರಿಯ ಮಣ್ಣು, ಪಾರವ್ವನ ಬದನಿ

ಮರಾಠಿ ಸೀಮೆಯ ತಳೇಗಾಂವ ದಾಭಾಡೆಯ ಆಚೆಗಿನ ಕಲ್ಲು ಕ್ವಾರಿಯಲ್ಲಿ ಆಳುಗಳ ಮುಕಾದಮ ಫಕೀರಪ್ಪನ ದನಿಗೆ ಎದುರಿಲ್ಲ. ಜಮಖಂಡಿಯಿಂದ ಹರೆಯದಲ್ಲೇ ಬಂದವನು. ಬಂಡೆಗೆ ಮದ್ದಿಟ್ಟು ಸಿಡಿಸುವ ಮುಂಚೆ ಅವನು “ಸರೀರೀ!” ಎಂದು ಒದರಿದರೆ ಆಳುಗಳಷ್ಟೇ ಅಲ್ಲ, ಮಲಗಿದ್ದ ನಾಯಿಗಳೂ ಎದ್ದು ಓಡುತ್ತಿದ್ದವು. ಅಂಥವನು ಹೆಂಡತಿ ಪಾರವ್ವನಿಗೆ ಒಂದು ಮಾತು ಹೇಳಲಾಗದೆ ವಾರದಿಂದ ರೊಟ್ಟಿ ಮುರಿದು ಮುರಿದು ತಟ್ಟೆಯಲ್ಲೇ ಬಿಡುತ್ತಿದ್ದ.

ಕ್ವಾರಿಯ ಕಲ್ಲು ಮುಗಿದಿತ್ತು. ಬೇಲಿಯಿಲ್ಲದ ಆ ಹೊಂಡ, ತಳದಲ್ಲಿ ಹಸಿರು ನೀರು, ಮಕ್ಕಳಿದ್ದವರು ನೋಡಿದರೆ ಎದೆ ಝಲ್ಲೆನ್ನಬೇಕು. ಸದ್ಯ, ಅದರ ಒಂದು ಬದಿಯನ್ನು ಒಡಕಲ್ಲು ಹಾಕಿ ತುಂಬಿಸಿದ್ದರು. ಇನ್ನು ಮೇಲೆ ಮಣ್ಣು ಹರವಿ ಗಿಡ ನೆಡಬೇಕು. ಅದಕ್ಕೆಂದೇ ಕ್ವಾರಿ ತೆರೆದಾಗ ಕೆರೆದ ಕರಿಮಣ್ಣನ್ನು ಪಕ್ಕದಲ್ಲಿ ಗುಡ್ಡೆ ಹಾಕಿಟ್ಟಿದ್ದರು. “ಮಣ್ಣು ಇದ್ದಂಗ ಅದರಿ” ಎಂದು ಫಕೀರಪ್ಪ ವರ್ಷವರ್ಷವೂ ಮಾಲಕರಿಗೆ ಹೇಳುತ್ತ ಬಂದಿದ್ದ. ಸುಳ್ಳೇನಲ್ಲ. ಅದರ ಮೇಲೆ ಪಾರವ್ವನ ಬದನಿ, ಪುಂಡಿಪಲ್ಲೆ, ಮೆಂತ್ಯ ಬೆಳೆದಿದ್ದನ್ನಷ್ಟೇ ಹೇಳಿರಲಿಲ್ಲ.

ಸೋಮವಾರ ಗಣಿ ಇಲಾಖೆಯ ಸಾಹೇಬರು ನೋಡಲು ಬರುವವರಿದ್ದರು. ಅವರು ಒಪ್ಪಿದರೆ ಫಕೀರಪ್ಪನಿಗೆ ಇಲ್ಲೇ ಕಾವಲು ಕೆಲಸ, ವಾಸಕ್ಕೆ ಈಗಿರುವ ಖೋಲಿಯೇ. ಒಪ್ಪದಿದ್ದರೆ ಗಂಟುಮೂಟೆ.

ಗುರುವಾರ ಅಪೂರ್ವ ಬಂದಳು. ಮೈಸೂರಿನ ಹುಡುಗಿ, ಕ್ವಾರಿ ಮುಚ್ಚುವ ಯೋಜನೆ ಬರೆದ ಎಂಜಿನಿಯರ್.

“ವೇಸ್ಟ್ ಎಲ್ಲಾ ಬೇರೆ ಬೇರೆ ಮಾಡಿದೀರಾ? ಹಳೇ ಟೈರ್?”

ಟೈರಿನೊಳಗೆ ಪುದೀನ ನಗುತ್ತಿತ್ತು.

“ಕನ್ವೇಯರ್ ಬೆಲ್ಟ್?”

ಫಕೀರಪ್ಪ ಬಚ್ಚಲಿನ ಮಾಡು ತೋರಿಸಿದ.

“ಆಯಿಲ್ ಡ್ರಮ್?”

ಪಾರವ್ವ ಅದರೊಳಗೆ ತಂಬಿಗೆ ಅದ್ದುತ್ತಿದ್ದಳು. ಅಪೂರ್ವ ಚೀರಿಯೇ ಬಿಟ್ಟಳು. “ಅಯ್ಯೋ ಆಂಟಿ! ಕುಡಿಯೋಕೂ ಇದೇನಾ?”

“ಛೀ, ಕುಡ್ಯಾಕ ಕೊಡ ಅದಾವ. ಇದು ಗಿಡಕ್ಕ. ಸಬಕಾರ ಹಚ್ಚಿ ತಿಕ್ಕೀನವ್ವ.”

“ತಿಕ್ಕಿದ್ರೆ ಹೋಗಲ್ಲ ಆಂಟಿ! ಡ್ರಮ್ಮು ಇವತ್ತೇ ಕಳಿಸಿ, ಇಲ್ಲಾಂದ್ರೆ ನಂಗೆ ನಿದ್ದೆ ಬರಲ್ಲ. ಸರಿ, ಟಾಪ್ ಸಾಯಿಲ್ ಎಲ್ಲಿದೆ? ಮೇಲ್ಮಣ್ಣು?”

ಫಕೀರಪ್ಪ ಆಕಾಶ ನೋಡಿದ. “ನೀವು ನಿಂತಿರೂದ ಅದರ ಮ್ಯಾಲರಿ.”

ಪಾರವ್ವನ ತಂಬಿಗೆ ನಿಂತಿತು. “ಏನಂತಾರ್ರೀ ಇವ್ರು?”

“ಏನಿಲ್ಲ… ಆ ಮಣ್ಣು… ತಗ್ಗಿಗೆ ಹಾಕಬೇಕಂತ.”

“ಯಾವ ಮಣ್ಣು?”

“ಅದ… ಇದ.”

“ನನ್ನ ಮಣ್ಣು ಅನ್ರಿ! ಊರಿಗೆಲ್ಲಾ ಸರೀರಿ ಸರೀರಿ ಅಂತ ಒದರೋರಿಗೆ, ಹೆಂಡ್ತಿಗೆ ಸರಿ ಅನ್ನಾಕ ಬಾಯಿ ಬಿದ್ದಿತ್ತೇನು?”

ಫಕೀರಪ್ಪ ಬದನಿ ಗಿಡಕ್ಕಿಂತ ಗಿಡ್ಡನಾದ. ಖೋಲಿ ಹೋಗುವ ಮಾತನ್ನು ಕೊನೆಗೆ ಅಪೂರ್ವಳೇ ಹೇಳಿದಳು, ನಕ್ಷೆ ಬಿಡಿಸಿ ಹಸಿರು ಚುಕ್ಕೆಗಳನ್ನೂ ತೋರಿಸಿದಳು. ಇಲ್ಲಿ ಬೇವು, ಅಲ್ಲಿ ಹೊಂಗೆ.

ಪಾರವ್ವ ಒಂದು ಚುಕ್ಕೆಯ ಮೇಲೆ ಬೆರಳಿಟ್ಟಳು. “ನೀರು ಯಾರು ಹಾಕವ್ರು?”

ಅಪೂರ್ವ ಉಗುರು ಕಚ್ಚಿದಳು. ಗಿಡ ಒಣಗಿದರೆ ಯೋಜನೆಯೂ ಒಣಗಿದಂತೆ. ನೀರು ಹಾಕುವವರನ್ನು ಅವಳಿನ್ನೂ ಗೊತ್ತುಮಾಡಿರಲಿಲ್ಲ.

“ಹಂಗಾರ ಸಾಲಿನ ನಡುವ ನನ್ನ ಬದನಿ ಇರ್ಲಿ. ನನ್ನ ಬದನಿಗೆ ಹಾಕೂಮುಂದ ನಿಮ್ಮ ಬೇವಿಗೂ ನಾಕು ಹನಿ ಸಿಡಿದ್ರ, ನಾ ಏನ್ ಬ್ಯಾಡ ಅನ್ನಂಗಿಲ್ಲ.”

ಅಪೂರ್ವ ಅಲ್ಲೇ ಕೂತು ಯೋಜನೆ ತಿದ್ದಿದಳು.

ಮರುದಿನ ಡಂಪರ್ ಡ್ರೈವರ್ ಅವಧೂತ ಮಣ್ಣು ಸಾಗಿಸತೊಡಗಿದ. ಡಂಪರಿನ ಮುಂದೆ ಪಾರವ್ವ, ಅವಳ ಹಿಂದೆ ಎರಡೂ ಕೈಯಲ್ಲಿ ಬೇರುಸಮೇತ ಬದನಿ ಹಿಡಿದ ಫಕೀರಪ್ಪ. “ಮೆಲ್ಲಕ ನಡೀರಿ, ಹೂವ ಉದುರ್ತಾವ!”

ಸೋಮವಾರ ಸಾಹೇಬರು ಬಂದರು. ಹರವಿದ ಕರಿಮಣ್ಣು, ಸಾಲಾಗಿ ನಿಂತ ಸಸಿ, ನಡುವೆ ಬದನಿ, ಎಲ್ಲ ನೋಡಿ ತಲೆಯಾಡಿಸಿದರು. ಆದರೆ ಹಳೇ ಜಾಗದಲ್ಲಿ ಒಂದು ಬುಟ್ಟಿ ಮಣ್ಣು ಹಾಗೇ ಉಳಿದಿತ್ತು. ಇದ್ಯಾಕೆ ಎಂದು ಮರಾಠಿಯಲ್ಲಿ ಕೇಳಿದರು.

ಫಕೀರಪ್ಪ ಮತ್ತೆ ಆಕಾಶ ನೋಡಿದ. “ಟೆಕ್ನಿಕಲ್ ರೀಸನ್, ಸರ್” ಎಂದಳು ಅಪೂರ್ವ, ಬೆವರುತ್ತ.

ಸಾಹೇಬರು ಬಗ್ಗಿ ನೋಡಿದರು. ಮಣ್ಣಿನ ಮೇಲೆ ಕಾವು ಕೂತಿದ್ದ ಪಾರವ್ವನ ಕೋಳಿ ರೆಕ್ಕೆಯುಬ್ಬಿಸಿ ಅವರನ್ನೇ ದುರುಗುಟ್ಟಿ ನೋಡಿತು.

ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದು, ಡಂಪರಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು ಸಹಿ ಹಾಕಿದರು. ಆಮೇಲೆ ಅವಧೂತನ ಕಡೆ ತಿರುಗಿ, ಮರಿ ಹೊರಗೆ ಬರುವತನಕ ಈ ಕಡೆ ಹಾರ್ನ್ ಹೊಡೆದೀಯ ಜೋಕೆ ಎಂದು ಪಿಸುದನಿಯಲ್ಲಿ ಗದರಿದರು.