ಮೀಯಿಸುವ ಹೊತ್ತಿನ ಮಾತು

ಮೊಮ್ಮಗಳು ನನ್ನ ಹತ್ತಿರ ಅಳುವುದೇ ಕಡಿಮೆ. ಅದು ಸಂತೋಷಪಡುವ ವಿಷಯವೋ ಅಲ್ಲವೋ ಎಂದು ನನಗೆ ಈಗಲೂ ಗೊತ್ತಾಗಿಲ್ಲ.

ಮಗಳಿಗೆ ಪುತ್ತೂರಿನ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ. ಗಂಡನ ಮನೆ ಪೆರಾಬೆಯಿಂದ ದಿನಾ ಓಡಾಡುವುದು ಕಷ್ಟವೆಂದು, ಹೆರಿಗೆ ರಜೆ ಮುಗಿದ ಮೇಲೂ ಅವಳು ಮಗುವಿನ ಜೊತೆ ನರಿಮೊಗರಿನ ನಮ್ಮ ಮನೆಯಲ್ಲೇ ಉಳಿದಳು. ಬೆಳಿಗ್ಗೆ ಸ್ಕೂಟರು ಹತ್ತಿದರೆ ತಿರುಗಿ ಬರುವುದು ದೀಪ ಹಚ್ಚುವ ಹೊತ್ತಿಗೆ. ಅಲ್ಲಿಯವರೆಗೆ ಮಗು ನನ್ನ ಸೊಂಟದ ಮೇಲೆ. ಗಂಜಿ ಕುಡಿಯುತ್ತದೆ, ಬೆಕ್ಕನ್ನು ನೋಡಿ ಕೇಕೆ ಹಾಕುತ್ತದೆ, ನಿದ್ದೆ ಬಂದರೆ ನನ್ನ ಸೆರಗಿನ ತುದಿ ಚೀಪುತ್ತಾ ಮಲಗುತ್ತದೆ.

ಸಂಜೆ ಸ್ಕೂಟರಿನ ಶಬ್ದ ಕೇಳಿದ ಕೂಡಲೇ ಕಾಲು ಬಡಿಯಲು ಸುರು. ಆದರೆ ಅಮ್ಮ ಹತ್ತಿರ ಬಂದು ಕೈ ಚಾಚಿದಳೋ, ನನ್ನ ಹೆಗಲಲ್ಲಿ ಮುಖ ಹುಗಿಸುತ್ತದೆ. ಅವಳು ಎತ್ತಿಕೊಂಡರೆ ದೊಡ್ಡ ಸ್ವರ ತೆಗೆದು ಅಳುತ್ತದೆ. ಲ್ಯಾಬಿನ ವಾಸನೆಗೆ ಇರಬಹುದು ಎಂದೆ. ಅವಳು ಮಿಂದು, ನೈಟಿ ಹಾಕಿಕೊಂಡು ಬಂದಳು. ಆಗಲೂ ಅದೇ ಅಳು.

ಒಂದು ದಿನ ಐವರ್ನಾಡಿನಿಂದ ನನ್ನ ಅಕ್ಕ ಬಂದಿದ್ದಳು. ಇದನ್ನು ನೋಡಿ ನಕ್ಕಳು. "ಎಂತ ಮಾರಾಯ್ತಿ, ಇದಕ್ಕೆ ಅಮ್ಮ ಯಾರು? ನೀನಾ, ಅವಳಾ?"

ಅಕ್ಕ ತಮಾಷೆಗೇ ಹೇಳಿದ್ದು. ಆದರೆ ಮಗಳ ಮುಖ ಸಣ್ಣದಾಯಿತು. ಅವತ್ತು ಊಟಕ್ಕೆ ಕೂತವಳು ಅನ್ನ ಕಲಸುತ್ತಾ ಹೇಳಿದಳು, "ಅಮ್ಮ, ನಾನು ಕೆಲಸ ಬಿಡ್ತೇನೆ. ಹೀಗೇ ಹೋದ್ರೆ ಮಗು ನನ್ನದಾಗಿ ಉಳಿಯುದಿಲ್ಲ."

ಆ ಕೆಲಸಕ್ಕಾಗಿ ಅವಳು ಪಟ್ಟ ಪಾಡು ನನಗೆ ಗೊತ್ತುಂಟು. ಬಿಡಬೇಡ ಎಂದರೆ, ಮಗು ನನಗೇ ಇರಲಿ ಎಂದ ಹಾಗಾಗುತ್ತದೆ. ಬಿಡು ಎನ್ನಲು ಮನಸ್ಸಿಲ್ಲ. ಸಾರು ಬಡಿಸಿದೆ.

ಮರುದಿನ ಪಕ್ಕದ ಬ್ಯಾರಿ ಮನೆಯ ಹೆಂಗಸು ಬೇಲಿಯ ಹತ್ತಿರ ಸಿಕ್ಕಿದಾಗ ವಿಷಯ ಹೇಳಿಕೊಂಡೆ. ನಾಲ್ಕು ಮೊಮ್ಮಕ್ಕಳನ್ನು ಎತ್ತಿ ಆಡಿಸಿದವರು. "ಅದು ಇಡೀ ದಿನದ ಅಳುವನ್ನು ತಾಯಿಗೆ ಅಂತ ತೆಗೆದಿಡುದು," ಎಂದರು. "ಬೇಡದವರ ಹತ್ತಿರ ಯಾರಾದ್ರೂ ಅಳ್ತಾರಾ?"

ಒಳ್ಳೆಯ ಮಾತೇ. ಆದರೆ ಮನೆಗೆ ಬಂದು ಬಸಳೆ ಸೋಸುವಾಗ ತಲೆ ಪುನಃ ಗೋಜಲಾಯಿತು. ಹಾಗಾದರೆ ನನ್ನ ಹತ್ತಿರ ನಗುವುದು ಎಂತದ್ದು? ನೆಂಟರ ಎದುರು ನಗುವ ಹಾಗಾ?

ಯೋಚಿಸುತ್ತಾ ಇರುವಾಗ ಹೊಳೆಯಿತು: ಮಗುವಿಗೆ ಎಂಟು ತಿಂಗಳಾಯಿತು, ಮಗಳು ಒಮ್ಮೆಯೂ ಅದನ್ನು ಮೀಯಿಸಿಲ್ಲ. ನಮ್ಮಲ್ಲಿ ಬಾಣಂತಿ ನೀರಿಗೆ ಕೈ ಹಾಕಬಾರದು. ಎಳೆ ಮಗುವಿಗೆ ಎಣ್ಣೆ ಹಚ್ಚಿ, ಕಾಲು ನೀಡಿ ಕೂತು, ಕಾಲಿನ ಮೇಲೆ ಮಲಗಿಸಿ ಮೀಯಿಸುವುದು ಕೈ ಪಳಗಿದವರ ಕೆಲಸ. ಮೊದಲು ಅದಕ್ಕೆಂದೇ ಒಬ್ಬರು ಬರುತ್ತಿದ್ದರು, ಆಮೇಲೆ ನಾನು. ಅವಳಿಗೆ ವಿಶ್ರಾಂತಿ ಸಿಗಲಿ ಎಂದು ಮಾಡಿದ್ದು ಹಾಗೆಯೇ ಮುಂದುವರಿದಿತ್ತು.

ಭಾನುವಾರ ಹಂಡೆಗೆ ಬೆಂಕಿ ಹಾಕಿ, "ಇವತ್ತು ನೀನು ಮೀಯಿಸು," ಎಂದೆ.

"ಜಾರಿದ್ರೆ?"

"ಜಾರುದಿಲ್ಲ."

ಬಚ್ಚಲಿನ ಬಾಗಿಲ ಹೊರಗೆ ಮಗುವಿನ ಮೈ ಒರೆಸುವ ಬೈರಾಸು ಹಿಡಿದು ನಿಂತೆ. ಒಳಗೆ ಮಗು ಕಿರುಚಿಕೊಂಡಿತು. ಕೈ ತನ್ನಷ್ಟಕ್ಕೆ ಬಾಗಿಲಿಗೆ ಹೋಯಿತು.

"ಅಮ್ಮ, ನೀನು ಬರ್ಬೇಡ!" ಒಳಗಿಂದ ಮಗಳು. ಮತ್ತೆ ಸ್ವಲ್ಪ ಹೊತ್ತಿಗೆ, "ನೀನು ಮೀಯಿಸುವಾಗ ಇದರ ಹತ್ತಿರ ಎಂತ ಹೇಳ್ತಾ ಇರ್ತಿ?"

"ಎಂತದ್ದೂ ಇಲ್ಲ. ಅವತ್ತಿನ ಅಡಿಗೆ ಎಂತ ಅಂತ ಹೇಳುದು. ಅದು ಊಂ ಅನ್ನುವವರೆಗೆ ಕಾಯುದು. ಮತ್ತೆ ಹೇಳುದು."

"ನನಗೆ ಅಡಿಗೆ ಎಲ್ಲಿ ಗೊತ್ತುಂಟು?"

"ನಿನಗೆ ಗೊತ್ತಿದ್ದದ್ದು ಹೇಳು."

ಚೆಂಬಿನಲ್ಲಿ ನೀರು ಮೊಗೆದು ಹೊಯ್ದ ಶಬ್ದ. ಮತ್ತೆ ಅವಳು ಸಣ್ಣ ಸ್ವರದಲ್ಲಿ ಸುರು ಮಾಡಿದಳು. "ನಿನ್ನೆ ಒಬ್ಬರು ಅಜ್ಜ ಬಂದಿದ್ರು ಪುಟ್ಟೀ. ಸೂಜಿ ಕಂಡದ್ದೇ ಬೊಬ್ಬೆ. ಇನ್ನೂ ಚುಚ್ಚಿಯೇ ಇಲ್ಲ ಮಾರಾಯ್ರೆ ಅಂದೆ." ಅಳು ಬಿಕ್ಕಾಯಿತು. ಬಿಕ್ಕು ನಿಂತಿತು. ನನಗೆ ಹೆದರಿಕೆಯಾಗಿ ಬಾಗಿಲು ಸ್ವಲ್ಪ ದೂಡಿ ನೋಡಿದೆ. ಮಗು ಅವಳ ಕಾಲಿನ ಮೇಲೆ ಮಲಗಿ, ಅವಳ ಕರಿಮಣಿ ಹಿಡಿದುಕೊಂಡು, ಅವಳ ಬಾಯನ್ನೇ ನೋಡುತ್ತಿತ್ತು. ನಾನು ಬೈರಾಸು ಚಾಚಿದೆ. ಮಗು ನನ್ನ ಕಡೆ ಬರಲಿಲ್ಲ.

ಮಗಳು ಕೆಲಸ ಬಿಡಲಿಲ್ಲ. "ಅಳುದಾದ್ರೆ ಅಳಲಿ, ನನ್ನ ಹತ್ತಿರವೇ ಅಲ್ವಾ," ಎಂದಳು. ಸಂಜೆ ಮಗು ಈಗಲೂ ನನ್ನ ಹೆಗಲಲ್ಲಿ ಮುಖ ಹುಗಿಸುತ್ತದೆ, ಅವಳ ಕೈಗೆ ಹೋಗಿ ಅಳುತ್ತದೆ. ಅದು ಸಿಟ್ಟೋ ಪ್ರೀತಿಯೋ, ನನಗೆ ಬಿಡಿಸಲು ಆಗುವುದಿಲ್ಲ. ಆದರೆ ಮಗಳ ಮುಖ ಮೊದಲಿನ ಹಾಗೆ ಸಣ್ಣದಾಗುವುದಿಲ್ಲ.

ಬೆಳಿಗ್ಗೆ ಬೇಗ ಎದ್ದು ಅವಳೇ ಮೀಯಿಸಿ ಹೋಗುತ್ತಾಳೆ. ಆ ಹೊತ್ತಿಗೆ ನನ್ನ ಕಾಲಿಗೆ ಕೆಲಸವಿಲ್ಲ. ಬಚ್ಚಲಿನ ಹೊರಗೆ ನಿಂತು, ಇವತ್ತು ಹೀರೆಕಾಯಿ ಎಂದು ಅಭ್ಯಾಸದಿಂದ ಹೇಳುತ್ತೇನೆ. ಒಳಗಿಂದ ಊಂ ಎಂದು ಕೇಳುತ್ತದೆ. ಯಾರು ಹೇಳಿದ್ದು, ಮಗಳೋ ಮೊಮ್ಮಗಳೋ, ಗೊತ್ತಾಗುವುದಿಲ್ಲ.