ಗುಳಿಗೆ ಬಿಟ್ಟ ವರ್ಷದ ರಂಪಣಿ

ಕಡಲ ದಂಡೆಯಲ್ಲಿ ನಿಂತು ನೀರಿನ ಬಣ್ಣ ನೋಡುವುದು ನನ್ನ ಕೆಲಸ. ಬೀಜಾಡಿಯಲ್ಲಿ ನಮ್ಮದೊಂದು ಕೈರಂಪಣಿ, ಎಂದರೆ ದಡದಿಂದಲೇ ಎಳೆಯುವ ದೊಡ್ಡ ಬಲೆ, ಇದೆ. ಬಲೆಯ ಒಂದು ತುದಿಯ ಹಗ್ಗವನ್ನು ದಡದವರ ಕೈಗೆ ಕೊಟ್ಟು ದೋಣಿ ಹೊರಡುತ್ತದೆ. ಅರ್ಧಚಂದ್ರದ ಹಾಗೆ ಸುತ್ತಿ ಬಲೆ ಇಳಿಸುತ್ತ ಬಂದು, ಇನ್ನೊಂದು ತುದಿಯನ್ನು ಸ್ವಲ್ಪ ಆಚೆ ದಡಕ್ಕೆ ತಲುಪಿಸುತ್ತದೆ. ಆಮೇಲೆ ಗಂಡಸರು, ಹೆಂಗಸರು ಎನ್ನದೆ ಎರಡು ಸಾಲಾಗಿ ನಿಂತು ಎಳೆಯುವುದು. ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಮೀನಿನಲ್ಲಿ ಪಾಲು. ಆದರೆ ದೋಣಿ ಯಾವಾಗ ಹೊರಡಬೇಕೆಂದು ಹೇಳುವವನೊಬ್ಬ ಬೇಕಲ್ಲ. ಮೀನಿನ ಹಿಂಡು ದಡದ ಸಮೀಪ ಬಂದರೆ ನೀರು ಅಷ್ಟಗಲ ಕಪ್ಪಾಗುತ್ತದೆ. ಅದರ ಮೇಲೆ ಮಾತ್ರ ಸಣ್ಣ ಮಳೆ ಬೀಳುತ್ತಿರುವಂತೆ ಕಾಣುತ್ತದೆ. ಅದನ್ನು ಕಂಡು ಹೆಗಲ ಮೇಲಿನ ಬೈರಾಸು ತೆಗೆದು ಬೀಸುವವನು ನಾನು. ಹೈಸ್ಕೂಲು ಮುಗಿಸಿದ್ದೇನೆ, ಆದರೆ ಈ ಕೆಲಸಕ್ಕೆ ಆ ಓದು ಏನೂ ಉಪಯೋಗವಾಗಲಿಲ್ಲ. ಇದನ್ನು ಬರೆಯುವುದಕ್ಕೆ ಆಯಿತು.

ಬರೆಯಬೇಕಾದ ವಿಷಯ ಇಷ್ಟು: ಎರಡು ವರ್ಷ ನಾನು ನೋವಿನ ಗುಳಿಗೆಯ ಆಳಾಗಿದ್ದೆ. ಅದನ್ನು ಬಿಡಲು ಹೋಗಿ ಊರೆಲ್ಲ ನಗುವ ಹಾಗಾಯಿತು. ನಗಲಿ ಎಂದೇ ಬರೆಯುತ್ತಿದ್ದೇನೆ. ಆದರೆ ನಗುವ ಮೊದಲು ನಾನು ಮಾಡಿದ್ದನ್ನು ಅವರು ಪೂರ್ತಿ ತಿಳಿಯಬೇಕು.

ದೋಣಿಯನ್ನು ದಡಕ್ಕೆ ಏರಿಸುವಾಗ ಅಡಿಗೆ ಕೊಟ್ಟಿದ್ದ ಮರದ ದಿಮ್ಮಿ ಜಾರಿ ನಾನು ಬಿದ್ದೆ. ಸೊಂಟ ಹಿಡಿದುಕೊಂಡಿತು. ಡಾಕ್ಟರು ಕೆಲವೇ ದಿನಕ್ಕೆಂದು ಗುಳಿಗೆ ಬರೆದುಕೊಟ್ಟರು. ಅದಕ್ಕಿಂತ ಹೆಚ್ಚು ತೆಗೆದುಕೊಳ್ಳಬಾರದು, ಇದು ಅಭ್ಯಾಸವಾಗುವ ಜಾತಿಯದು ಎಂದು ಸ್ಪಷ್ಟವಾಗಿ ಹೇಳಿದ್ದರು. ಅವರದೇನೂ ತಪ್ಪಿಲ್ಲ. ಗುಳಿಗೆ ನುಂಗಿದರೆ ನೋವು ಹೋಗುತ್ತಿತ್ತು ಎನ್ನುವುದಕ್ಕಿಂತ, ಅದು ಪಕ್ಕದ ಮನೆಯವರ ನೋವಿನ ಹಾಗೆ ದೂರವಾಗುತ್ತಿತ್ತು. ಸಾರಿಗೆ ಉಪ್ಪು ಬೀಳದಿದ್ದರೂ ರುಚಿ. ಹೆಂಡತಿ ಬೈದರೂ ಇಂಪು. ಸೊಂಟ ಸರಿಯಾದ ಮೇಲೂ ನಾನು ಗುಳಿಗೆ ನುಂಗುತ್ತಲೇ ಇದ್ದೆ. ಬೇಡವೆಂದು ಒಂದು ಹೊತ್ತು ಬಿಟ್ಟರೆ ಮೈಯೆಲ್ಲ ಜ್ವರ ಬಂದ ಹಾಗಾಗಿ, ಇನ್ನೂ ನೋವಿದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಒಂದೇ ಮೆಡಿಕಲಿಗೆ ಹೋದರೆ ಕೇಳುತ್ತಾರೆ. ಹಾಗಾಗಿ ಬಸ್ಸು ಹತ್ತಿದೆ. ಕುಂದಾಪುರದಲ್ಲಿ ನನ್ನ ಸೊಂಟವೇ ಸಾಕಾಯಿತು. ಬ್ರಹ್ಮಾವರದಲ್ಲಿ ಗಟ್ಟಿಮುಟ್ಟಾದ ನನ್ನ ಹೆಂಡತಿಗೆ ಬೆನ್ನುನೋವು ಕೊಟ್ಟೆ. ಬೈಂದೂರಿನಲ್ಲಿ ಅವಳ ತಮ್ಮನ ಮಂಡಿ ಹಾಳು ಮಾಡಿದೆ. ಅವನು ನಮ್ಮ ದೋಣಿಯ ತಾಂಡೇಲ, ಎಂದರೆ ಇಡೀ ತಂಡದ ಯಜಮಾನ; ದಿನವೂ ಮರಳಿನಲ್ಲಿ ಓಡುವವನು. ಕೆಲವು ಕಡೆ ಚೀಟಿ ಹಳೆಯದೆಂದು ಗದರಿಸಿ ಕಳಿಸುತ್ತಿದ್ದರು, ಕೆಲವು ಕಡೆ ಸಿಗುತ್ತಿತ್ತು. ಬೈಂದೂರಿನ ಅಂಗಡಿಯಾತ ಪಾಪ, ಮಂಡಿ ಹೇಗಿದೆ ಎಂದು ಪ್ರತಿ ಸಲ ವಿಚಾರಿಸುತ್ತಿದ್ದ. ಒಮ್ಮೆ ಆಪರೇಷನ್ ಆಗಬೇಕಂತೆ ಎಂದು ಹೇಳಿ ಬಂದೆ. ಮನೆಯಲ್ಲಿ ಮಾತ್ರ ನಾನು ಇಸ್ಪೀಟು ಆಡಲು ಹೋಗುತ್ತಿದ್ದೇನೆ ಎಂದು ಹೆಂಡತಿಗೆ ಅನುಮಾನ. ನಾನು ಇಲ್ಲ ಎನ್ನಲಿಲ್ಲ. ಇಸ್ಪೀಟಿನ ಹೆಸರು ಕೆಟ್ಟರೆ ನನಗೇನು?

ಹೋದ ವರ್ಷ ಒಂದು ಬೆಳಿಗ್ಗೆ ಬಂಗುಡೆಯ ದೊಡ್ಡ ಹಿಂಡು ನನ್ನ ಕಣ್ಣೆದುರೇ ತೆಂಕಣಕ್ಕೆ ಹೋಯಿತು. ಕಣ್ಣು ತೆರೆದೇ ಇತ್ತು, ನೋಡುವವನು ಒಳಗಿರಲಿಲ್ಲ. ಪಕ್ಕದ ದಂಡೆಯವರು ಬಲೆ ಎಳೆದು ಬುಟ್ಟಿ ಸಾಲದೆ ಮೀನನ್ನು ಮರಳಿನ ಮೇಲೆಯೇ ರಾಶಿ ಹಾಕಿದರು. ನಮ್ಮವರು ಬರಿಗೈಯಲ್ಲಿ ಮನೆಗೆ ಹೋದರು. ಬಿಸಿಲು ನೀರಿಗೆ ಬಿದ್ದು ಕಣ್ಣು ಕುಕ್ಕಿತು, ಏನೂ ಕಾಣಲಿಲ್ಲ ಎಂದೆ. ಎಲ್ಲರೂ ನಂಬಿದರು. ಒಬ್ಬನಾದರೂ ಅನುಮಾನಪಟ್ಟಿದ್ದರೆ ನನಗೆ ಜಗಳ ಮಾಡಿ ಹಗುರಾಗಲಾದರೂ ಆಗುತ್ತಿತ್ತು. ಅವರೇನು ಮಾಡಿದರು ಗೊತ್ತೆ? ಎಲ್ಲ ಸೇರಿ ನನಗೊಂದು ಕಪ್ಪು ಕನ್ನಡಕ ತಂದುಕೊಟ್ಟರು. ಹೊಳೆಯುವ ನೀರಿನಲ್ಲೂ ಕಾಣುವಂಥದು. ಅದನ್ನು ತಾಂಡೇಲನೇ ನನ್ನ ಮೂಗಿನ ಮೇಲೆ ಇಟ್ಟು, ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿ, ಭಾವ ಈಗ ಸಿನೆಮಾದವರ ಹಾಗೆ ಆದರು ಎಂದು ಎಲ್ಲರನ್ನೂ ನಗಿಸಿದ. ನಾನೂ ನಕ್ಕೆ. ಆ ಕನ್ನಡಕ ಹಾಕಿಕೊಂಡಾಗಲೆಲ್ಲ ನನಗೆ ಕಡಲಿಗಿಂತ ಮೊದಲು ನನ್ನ ಸುಳ್ಳೇ ಕಾಣುತ್ತಿತ್ತು. ಇನ್ನೊಂದು ಹಿಂಡು ಹೀಗೆ ಹೋದರೆ ನಾನು ಆ ಜಾಗದಲ್ಲಿ ನಿಲ್ಲುವ ಯೋಗ್ಯತೆಯವನಲ್ಲ. ಆ ಜಾಗ ಬಿಟ್ಟರೆ ನನಗೆ ಬೇರೆ ಕೆಲಸ ಬಾರದು.

ಈ ವರ್ಷ ಮಳೆಗಾಲದ ಕೊನೆಗೆ ಸಮುದ್ರಪೂಜೆಯ ದಿನ ಎಲ್ಲರೂ ಕಡಲಿಗೆ ಹಾಲು ಎರೆದು ಕಾಯಿ ಬಿಡುತ್ತಿದ್ದರು. ನಾನು ಹಾಲಿನ ಜೊತೆಗೆ ಸೊಂಟದ ಮಡಿಕೆಯಲ್ಲಿದ್ದ ಗುಳಿಗೆಯ ಪಟ್ಟಿಗಳನ್ನೂ ಎಸೆದೆ. ಇವತ್ತಿಗೆ ಮುಗಿಯಿತು ಎಂದು ಕೈ ಮುಗಿದೆ. ಯಾರನ್ನೂ ಕೇಳಲಿಲ್ಲ. ಬೀಡಿ ಬಿಟ್ಟವನಿಗೆ ಇದೇನು ಮಹಾ ಎಂಬ ಗರ್ವ.

ಮಾರನೆಯ ಬೆಳಿಗ್ಗೆ ನಾನು ಅದೇ ದಂಡೆಯಲ್ಲಿ ಬಗ್ಗಿಕೊಂಡು, ತೆರೆ ತಂದು ಹಾಕಿದ ಕಸದ ಸಾಲನ್ನು ಬೆರಳಿನಿಂದ ಬಿಡಿಸುತ್ತಿದ್ದೆ. ಕಡಲು ತೆಗೆದುಕೊಂಡದ್ದನ್ನು ವಾಪಸು ಕೊಟ್ಟಿರಬಹುದು ಎಂಬ ಆಸೆ. ದೇವರಿಗೆ ಬಿಟ್ಟದ್ದನ್ನು ಕದಿಯಲು ಹೋದ ಮುದುಕ! ದೋಣಿಯ ಹುಡುಗರು ಬಂದು ಏನು ಹುಡುಕುತ್ತಿದ್ದೀರಿ ಎಂದರು. ಕನ್ನಡಕ ಬಿತ್ತು ಎಂದುಬಿಟ್ಟೆ. ಅಷ್ಟಕ್ಕೆ ತಂಡಕ್ಕೆ ತಂಡವೇ ಮರಳಿಗೆ ಇಳಿಯಿತು. ಒಬ್ಬ ಲುಂಗಿ ಎತ್ತಿಕಟ್ಟಿ ಮುಳುಗು ಹಾಕಲು ಹೊರಟ. ಅಷ್ಟರಲ್ಲಿ ನನ್ನ ಹೆಂಡತಿ ಮೀನಿನ ಬುಟ್ಟಿ ಹಿಡಿದು ಬಂದಳು.

"ಎಂತ ಹುಡ್ಕುದ್ ಎಲ್ಲ?"

ಹೇಳಿದರು.

"ಕನ್ನಡ್ಕ ಮನೇಲ್ ಮೊಳಿಗ್ ಸಿಕ್ಸಿ ಇತ್ತಲೆ," ಎಂದಳು. ಮತ್ತೆ ನನ್ನ ಮುಖ ನೋಡಿದಳು. ಆ ನೋಟದಲ್ಲಿ ಇಸ್ಪೀಟಿನ ಅನುಮಾನ ಮುಗಿದು ಬೇರೆ ಏನೋ ಶುರುವಾಗಿತ್ತು.

ಆ ಹೊತ್ತಿಗೆ ಮೈ ನನ್ನ ಮಾತು ಕೇಳುವುದನ್ನು ಬಿಟ್ಟಿತ್ತು. ಮೂಗು ಕಣ್ಣು ಎರಡೂ ಸೋರುತ್ತಿದ್ದವು. ಸೆಕೆಯಲ್ಲೂ ಮೈಮೇಲೆ ಮುಳ್ಳು ಏಳುತ್ತಿತ್ತು. ಆಕಳಿಸಿ ಆಕಳಿಸಿ ದವಡೆ ನೋಯುತ್ತಿತ್ತು. ಹೊಟ್ಟೆ ಕೆಟ್ಟು, ಪಾಯಿಖಾನೆಯನ್ನೇ ಮನೆ ಮಾಡಿಕೊಂಡೆ. ಮಲಗಿದರೆ ಕಾಲುಗಳು ತಾವಾಗಿಯೇ ಒದೆಯುತ್ತಿದ್ದವು. ಬುಟ್ಟಿಗೆ ಹಾಕಿದ ಮೀನಿನ ಪಕ್ಕ ಮಲಗಿದ ಹಾಗಾಗುತ್ತದೆ ಎಂದು ಹೆಂಡತಿ ಚಾಪೆ ಎತ್ತಿಕೊಂಡು ಒಳಮನೆಗೆ ಹೋದಳು. ಕಾಳುಮೆಣಸು, ಜೀರಿಗೆ, ಶುಂಠಿ ಹಾಕಿ ಕಷಾಯ ಮಾಡಿಕೊಟ್ಟಳು. ಕುಡಿದೆ. ಒಂದು ಗುಳಿಗೆ ಸಿಕ್ಕಿದರೆ ಎಲ್ಲವೂ ಸರಿಯಾಗುತ್ತದೆ ಎನ್ನುವುದೊಂದೇ ತಲೆಯಲ್ಲಿ. ಬೈಂದೂರಿನ ಬಸ್ಸಿನ ಹಾರನ್ ಹೆದ್ದಾರಿಯಿಂದ ಮನೆಯವರೆಗೆ ಕೇಳಿಸಿದ ಹಾಗಾಗುತ್ತಿತ್ತು, ಅದು ನನ್ನ ಹೆಸರು ಹಿಡಿದು ಕರೆದ ಹಾಗೆ.

ಇಷ್ಟಾದರೂ ದಂಡೆಗೆ ಹೋದೆ. ಹೋಗದಿದ್ದರೆ ಬೇರೆಯವರು ನಿಲ್ಲುತ್ತಾರಲ್ಲ. ಮೂರನೆಯ ಬೆಳಿಗ್ಗೆ ನನ್ನ ಅದೃಷ್ಟಕ್ಕೆ ಹಿಂಡು ಬಂತು, ಕಂಡಿತು ಕೂಡ. ಬೈರಾಸು ಬೀಸಿದೆ. ದೋಣಿಗೆ ಹೆಗಲು ಕೊಟ್ಟವರು ಒಂದು, ಎರಡು ಎಂದು ನೂಕಲು ಹೊರಟಾಗ ನಾನು ಸೀನಿದೆ.

ನಮ್ಮಲ್ಲಿ ಹೊರಡುವ ಹೊತ್ತಿಗೆ ಒಂಟಿ ಸೀನು ಬಿದ್ದರೆ ದೋಣಿ ನೀರಿಗೆ ಇಳಿಯುವುದಿಲ್ಲ. ಕೂಡಲೇ ಇನ್ನೊಂದು ಸೀನು ಬಂದರೆ ದೋಷ ಹೋಯಿತು, ಹೊರಡಬಹುದು. ಎಲ್ಲರೂ ಹೆಗಲು ತೆಗೆದು ನನ್ನ ಮೂಗನ್ನೇ ನೋಡುತ್ತ ನಿಂತರು. ಎರಡನೆಯದು ಬಂತು. ಸಂತೋಷದಿಂದ ಮತ್ತೆ ಹೆಗಲು ಕೊಟ್ಟರು. ಮೂರನೆಯದು ಬಂತು. ದೋಣಿ ನಿಂತಿತು. ನಾಲ್ಕನೆಯದಕ್ಕೆ ಕಾದರು, ಅದೂ ಬಂತು, ನೂಕಿದರು, ಮತ್ತೊಂದು. ದೋಣಿಯ ಮೂತಿ ನೀರಿಗೆ ತಾಗುವುದು, ನಿಲ್ಲುವುದು. ನಾನು ಮೂಗಿಗೆ ಬೈರಾಸು ಒತ್ತಿಕೊಂಡು ದೂರ ಓಡಿದೆ. ಬೆಳಗಿನ ಗಾಳಿ ನನ್ನ ಕಡೆಯಿಂದಲೇ ಬೀಸುತ್ತಿತ್ತು. ಎಷ್ಟಾಯಿತು, ಸರಿಯೋ ಬೆಸವೋ ಎಂದು ಅವರೊಳಗೇ ಜಗಳ ಶುರುವಾಯಿತು. ಬಾಯಿಗೆ ಸೆರಗು ಒತ್ತಿಕೊಂಡ ಹೆಂಗಸರು ನಗು ತಡೆಯಲಾರದೆ ಹಗ್ಗದ ಮೇಲೆಯೇ ಕುಳಿತರು. ಅಷ್ಟರಲ್ಲಿ ಹಿಂಡು ತನ್ನ ಪಾಡಿಗೆ ತಾನು ಹೋಯಿತು.

ತಾಂಡೇಲ ಸಿಟ್ಟಿನಲ್ಲೇ ಬಂದ. ಹತ್ತಿರ ಬಂದು ನನ್ನ ಮೈಮೇಲೆ ಎದ್ದ ಮುಳ್ಳನ್ನು ಕಂಡ ಮೇಲೆ ಸಿಟ್ಟು ಇಳಿಯಿತು.

"ಭಾವ, ಇದ್ ಬರೀ ಶೀತ ಅಲ್ಲ. ಎಂತ ಆಯ್ತ್ ಹೇಳಿ."

ಇದಕ್ಕೂ ಏನಾದರೊಂದು ಹೇಳಬಹುದಿತ್ತು. ಮಳೆಯಲ್ಲಿ ನೆನೆದೆ ಎಂದರೆ ಸಾಕಿತ್ತು, ಒಂದು ಕೊಡೆ ತಂದುಕೊಡುತ್ತಿದ್ದರು. ಆ ಕೊಡೆಯ ಯೋಚನೆಯೇ ನನ್ನನ್ನು ಮುರಿಯಿತು.

"ಗುಳ್ಗಿ ಬಿಟ್ಟಿದ್ದೆ, ಅದ್ಕೇ ಹೀಂಗ್ ಆತಿತ್ತ್," ಎಂದೆ. "ಹ್ವಾದ್ ವರ್ಷ ಬಂಗ್ಡಿ ತಪ್ಪದ್ ಬಿಸ್ಲಿಂದ್ ಅಲ್ಲ. ನಾನ್ ಗುಳ್ಗಿ ನುಂಗಿ ನಿಂತಿದ್ದೆ."

ಉಳಿದದ್ದನ್ನೂ ಹೇಳಿದೆ. ಮೂರು ಊರಿನ ಮೆಡಿಕಲುಗಳನ್ನು, ಹಾಲಿನ ಜೊತೆ ಎಸೆದದ್ದನ್ನು, ಕನ್ನಡಕ ಹುಡುಕುವ ನೆಪದಲ್ಲಿ ನಾನು ಹುಡುಕಿದ್ದನ್ನು. ನಡುನಡುವೆ ಸೀನುತ್ತ ಹೇಳಿದೆ. ಬಲೆಯ ಮೇಲೆ ಕುಳಿತಿದ್ದವನೊಬ್ಬ ಎದ್ದು ಹೋದ. ಹೋದ ವರ್ಷ ಆ ಬಂಗುಡೆ ಸಿಕ್ಕಿದ್ದರೆ ಅವನಿಗೆ ಏನೇನು ಆಗುತ್ತಿತ್ತೋ, ಅದನ್ನು ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ. ಅವನು ಎಷ್ಟೋ ವಾರ ನನ್ನೊಡನೆ ಮಾತಾಡಲಿಲ್ಲ. ಅದು ಸರಿಯೇ.

ಕೊನೆಗೆ ತಾಂಡೇಲ ಕೇಳಿದ್ದು ಇದು:

"ನನ್ ಮಂಡಿ ಆಪ್ರೇಶನ್ ಆಯ್ತಾ, ಇಲ್ಯಾ?"

ಮೊದಲು ನಕ್ಕವಳು ನನ್ನ ಹೆಂಡತಿ. ನಗುತ್ತಲೇ ಅತ್ತಳು. ಆಮೇಲೆ ತನ್ನ ಬೆನ್ನಿಗೆ ಬ್ರಹ್ಮಾವರದಲ್ಲಿ ಏನೇನು ಆಗಿತ್ತು ಎಂದು ವಿವರವಾಗಿ ಕೇಳಿ ತಿಳಿದುಕೊಂಡಳು.

ಅವತ್ತೇ ಅವಳೂ ಅವಳ ತಮ್ಮನೂ ನನ್ನನ್ನು ರಿಕ್ಷಾದಲ್ಲಿ ಮಧ್ಯೆ ಕೂರಿಸಿಕೊಂಡು, ತಪ್ಪಿಸಿಕೊಳ್ಳುವ ಕೋಳಿಯನ್ನು ಒಯ್ಯುವ ಹಾಗೆ ಕುಂದಾಪುರದ ಆಸ್ಪತ್ರೆಗೆ ಒಯ್ದರು. ಡಾಕ್ಟರಮ್ಮ ಎಲ್ಲವನ್ನೂ ಕೇಳಿ, ಬಿಟ್ಟದ್ದಕ್ಕೆ ಹೊಗಳುತ್ತಾರೆ ಎಂದು ನಾನು ಕಾಯುತ್ತಿದ್ದರೆ, ಚೆನ್ನಾಗಿ ಬೈದರು. ಇಷ್ಟು ಕಾಲ ನುಂಗಿದ್ದನ್ನು ಹೀಗೆ ಒಮ್ಮೆಲೇ ಬಿಡಬಾರದು, ಫಿಟ್ಸ್ ಬರುವುದೂ ಇದೆ, ಈ ವಯಸ್ಸಿನಲ್ಲಿ ಪ್ರಾಣಕ್ಕೇ ಸಂಚಕಾರ ಎಂದರು. ಅದೇ ಗುಳಿಗೆಯನ್ನು ಮೊದಲಿಗಿಂತ ಕಡಿಮೆ ಮಾಡಿ ಬರೆದುಕೊಟ್ಟು, ಸ್ವಲ್ಪ ಸ್ವಲ್ಪವೇ ಇಳಿಸೋಣ, ಆಗಾಗ ಬಂದು ತೋರಿಸಿ ಎಂದರು. ಸೊಂಟಕ್ಕೆ ವ್ಯಾಯಾಮ ಹೇಳಿಕೊಟ್ಟರು. ಗುಳಿಗೆ ಮಾತ್ರ ಇವರ ಕೈಗೆ ಕೊಡಬೇಡಿ ಎಂದು ಹೆಂಡತಿಗೆ ಹೇಳಿದರು. ಅವಳು ಅದನ್ನು ಎಲ್ಲಿಡುತ್ತಿದ್ದಳೋ ನನಗೆ ಇಂದಿಗೂ ಗೊತ್ತಿಲ್ಲ. ಅಕ್ಕಿ ಡಬ್ಬಿ, ಒಣಮೀನಿನ ಮಡಕೆ, ದೇವರ ಗೂಡು ಎಲ್ಲ ಕಡೆ ನಾನು ಹುಡುಕಿದ್ದುಂಟು. ಒಂದು ದಿನ ಹುಡುಕುವಾಗ ಸಿಕ್ಕಿಬಿದ್ದೆ. ಅವಳು ಬೈಯಲಿಲ್ಲ. ಹೇಗೂ ಕೈ ಹಾಕಿದ್ದೀರಿ, ಎಲ್ಲ ಡಬ್ಬಿಗಳನ್ನೂ ಕೆಳಗಿಳಿಸಿ ಒರೆಸಿಡಿ ಎಂದಳು. ಒರೆಸಿದೆ.

ಕಡಿಮೆ ಮಾಡಿದಾಗಲೆಲ್ಲ ಕೆಲವು ದಿನ ಕಷ್ಟವಾಗುತ್ತಿತ್ತು. ಸೀನು, ಆಕಳಿಕೆ, ಕಾರಣವಿಲ್ಲದೆ ಅಳು. ಆದರೆ ಮೊದಲಿನಷ್ಟಲ್ಲ. ಅಷ್ಟು ದಿನವೂ ನನ್ನ ಜಾಗದಲ್ಲಿ ತಾಂಡೇಲನೇ ನಿಂತು ನೀರು ನೋಡಿದ. ಗುಳಿಗೆ ಮುಗಿಯುವವರೆಗೆ ನನಗೆ ಬೈರಾಸು ಬೀಸುವ ಹಕ್ಕಿಲ್ಲ, ಮುಗಿದ ಮೇಲೆ ನೋಡೋಣ ಎಂದು ಎಲ್ಲರೆದುರು ಹೇಳಿದ್ದ. ನಾನು ಹಗ್ಗದ ಕಟ್ಟಕಡೆಗೆ, ಹೆಂಗಸರ ಹಿಂದೆ ನಿಂತು, ಎಳೆದ ಹಗ್ಗವನ್ನು ಸುರುಳಿ ಸುತ್ತುತ್ತಿದ್ದೆ. ನಾನು ಸೀನಿದಾಗಲೆಲ್ಲ ಅವರು ಒಟ್ಟಾಗಿ "ಇನ್ನೊಂದ್!" ಎನ್ನುತ್ತಿದ್ದರು.

ದೀಪಾವಳಿ ಕಳೆದ ಮೇಲೆ ಕೊನೆಯ ಗುಳಿಗೆಯೂ ಮುಗಿಯಿತು. ಡಾಕ್ಟರಮ್ಮ ಇನ್ನು ಬೇಡ ಎಂದರು. ಮತ್ತೂ ಕೆಲವು ದಿನ ಕಾದು ನೋಡಿ, ತಾಂಡೇಲ ತನ್ನ ಜಾಗದಿಂದ ಸರಿದು ನಿಂತ. ನಾನು ಹೋಗಿ ನಿಂತೆ. ಹಿಂದಿನ ದಿನ ಘಟ್ಟದ ಬುಡದಲ್ಲಿ ಅಕಾಲದ ಮಳೆ ಬಂದಿತ್ತು. ಎಷ್ಟೋ ಹೊತ್ತು ಕಣ್ಣು ಮಿಟುಕಿಸದೆ ನೋಡಿದೆ. ಅಗೋ, ನೀರು ಕಪ್ಪಾಗಿ ಬರುತ್ತಿದೆ, ಮೇಲೆ ಸಣ್ಣ ನಡುಕವೂ ಇದೆ. ಬೈರಾಸು ಬೀಸಿದೆ. ದೋಣಿ ಹಾರಿದ ಹಾಗೆ ಹೋಯಿತು. ಬಲೆ ಭಾರವಾಗಿತ್ತು. ದಾರಿಯಲ್ಲಿ ಹೋಗುವವರೂ ಬಂದು ಹಗ್ಗಕ್ಕೆ ಕೈ ಹಚ್ಚಿದರು.

ಬಲೆಯ ಚೀಲ ದಡಕ್ಕೆ ಬಂದಾಗ ಅದರಲ್ಲಿ ಹೊಳೆ ತಂದು ಕಡಲಿಗೆ ಸುರಿದ ಕೊಳೆತ ಎಲೆ, ಮಡಲು, ತೆಂಗಿನ ಸಿಪ್ಪೆ, ನಾಲ್ಕಾರು ಚಪ್ಪಲಿ, ಒಂದು ಪ್ಲಾಸ್ಟಿಕ್ ಕುರ್ಚಿ ಇದ್ದವು. ಮೀನು ಎಂದರೆ ಒಂದು ಹಿಡಿ, ಅದೂ ಬೆಕ್ಕಿಗೆ ಆಗುವಷ್ಟು. ನನಗೆ ಕಿವಿ ಬಿಸಿಯಾಯಿತು. ಆದರೆ ಅದರ ಒಳಗೆ ಒಂದು ತಣ್ಣನೆಯ ಸಂತೋಷವೂ ಇತ್ತು. ಅದನ್ನು ಹೇಗೆ ಹೇಳಲಿ? ಈ ತಪ್ಪು ಪೂರ್ತಿಯಾಗಿ ನನ್ನದು. ಎಚ್ಚರವಾಗಿದ್ದು, ನೆಟ್ಟಗೆ ನಿಂತು, ಎರಡೂ ಕಣ್ಣಿನಿಂದ ನೋಡಿ ಮಾಡಿದ ತಪ್ಪು. ಬಿಸಿಲಿನ ಮೇಲೆ ಹಾಕಲಿಲ್ಲ.

"ನಂಗೆ ಹಿಂಡೇ ಅಂದ್ಕಂಡ್ ಕಂಡದ್ದ್," ಎಂದೆ. "ಕಸ ಅಂದ್ ಗೊತ್ತಾಯ್ಲಿಲ್ಲ."

ಅಷ್ಟು ವಾರ ಮಾತು ಬಿಟ್ಟಿದ್ದವನು ಬಲೆಯೊಳಗೆ ಕೈ ಹಾಕಿ ಆ ಕುರ್ಚಿಯನ್ನು ಎಳೆದು ತೆಗೆದ. ಅದಕ್ಕೆ ಮೂರೇ ಕಾಲು. ಮೆತ್ತಿದ್ದ ಎಲೆ ಒರೆಸಿ ನನ್ನ ಮುಂದೆ ಇಟ್ಟ.

"ಹ್ವಾಯ್, ಇದ್ ನಿಮ್ ಪಾಲ್," ಎಂದ.

ಆ ನಗೆ ಬಹುಶಃ ತ್ರಾಸಿಯವರೆಗೆ ಕೇಳಿಸಿರಬೇಕು. ಬಲೆ ಕೊಡವಿ ಕಸ ತೆಗೆಯುವುದರಲ್ಲೇ ಮಧ್ಯಾಹ್ನವಾಯಿತು, ನನ್ನ ಸೊಂಟ ಚೆನ್ನಾಗಿ ನೋಯುತ್ತಿತ್ತು. ಕುರ್ಚಿ ಹೆಗಲಿಗೆ ಹಾಕಿಕೊಂಡು ಮನೆಯ ಕಡೆ ತಿರುಗಿದಾಗ ತಾಂಡೇಲ ಹಿಂದಿನಿಂದ ಕರೆದು ಹೇಳಿದ:

"ಭಾವ, ನಾಳಿಗೆ ಬೇಗ ಬನ್ನಿ. ನೀರ್ ಕಾಂಬುಕೆ ನೀವೇ."