ಮೆಲ್ಟಿಂಗ್ ಪಾಯಿಂಟ್ ಅಕ್ಕ

ಔಷಧಿ ಕಾರ್ಖಾನೆಯ ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ‘ಮೆಲ್ಟಿಂಗ್ ಪಾಯಿಂಟ್ ಅಕ್ಕ’ ಎಂದೇ ಕರೆಯುತ್ತಿದ್ದರು. ಸೂಜಿಯಷ್ಟು ಸಣ್ಣ ಗಾಜಿನ ಕೊಳವೆಗೆ ಪುಡಿ ತುಂಬಿ, ಮೇಜಿನ ಮೇಲೆ ಟಕಟಕ ತಟ್ಟಿ ತಳಕ್ಕಿಳಿಸಿ, ಯಂತ್ರದಲ್ಲಿಟ್ಟು ಮೆಲ್ಲಗೆ ಕಾಯಿಸುವುದು ಅವಳ ಕೆಲಸ. ಭೂತಗನ್ನಡಿಗೆ ಬಲಗಣ್ಣು ನೆಟ್ಟು ಕೂತರೆ, ಪುಡಿ ಮೊದಲು ಬೆವರಿದಂತೆ ಒದ್ದೆಯಾಗುತ್ತದೆ. ಆಮೇಲೆ ಕುಸಿದು ತಿಳಿಯಾಗುತ್ತದೆ. ಆ ಎರಡೂ ಗಳಿಗೆಯ ಉಷ್ಣತೆಯನ್ನು ಹಿಡಿಯಬೇಕು. ಶುದ್ಧ ಪುಡಿ ಥಟ್ಟನೆ ಕರಗುತ್ತದೆ. ಕಲಬೆರಕೆಯಾದರೆ ಬೇಗ ಶುರುವಾಗಿ ಎಳೆದಾಡುತ್ತದೆ.

ಪಕ್ಕದ ಮೇಜಿನವನು ಅವಳದೇ ವಯಸ್ಸಿನವನು. ಅವಳೇ ಇಟ್ಟ ಹೆಸರು ‘ವಟವಟ’. ಫ್ಯಾನು ಹಾಕುವುದರಿಂದ ಹಿಡಿದು ಗಾಜು ತೊಳೆಯುವವರೆಗೆ ಇಬ್ಬರಿಗೂ ಎಣ್ಣೆ ಸೀಗೆಕಾಯಿ.

ಒಂದು ಬೆಳಿಗ್ಗೆ ಅವಳು, “ಈ ಲಾಟ್‌ನ ಪುಡಿ ಪಾಸಾಗಲ್ಲ. ಕರಗೋದು ತೀರಾ ತಡ” ಎಂದಳು. ಫೇಲಾದದ್ದನ್ನು ಇನ್ನೊಬ್ಬರು ನೋಡುವುದು ಅಲ್ಲಿಯ ನಿಯಮ. ವಟವಟ ನೋಡಿದ. “ಸರಿಯಾಗೇ ಕರಗ್ತಿದೆಯಲ್ಲ.”

“ಹಾಗಾದ್ರೆ ಥರ್ಮಾಮೀಟರ್ ಕೆಟ್ಟಿರ್ಬೇಕು.”

ಎಷ್ಟಕ್ಕೆ ಕರಗುತ್ತದೆಂದು ಮೊದಲೇ ಗೊತ್ತಿರುವ ಪುಡಿಯನ್ನಿಟ್ಟು ಪರೀಕ್ಷಿಸಿದರು. ಅವನಿಗೆ ಸರಿಯಾಗಿಯೇ ಸಿಕ್ಕಿತು. ಅವಳಿಗೆ ಮತ್ತೆ ತಡವಾಯಿತು. ಅವನು ಗೋಡೆಯತ್ತ ಕೈ ತೋರಿಸಿದ.

“ಅಕ್ಕಾ, ಎಡಗಣ್ಣು ಮುಚ್ಕೊಂಡು ಆ ಕ್ಯಾಲೆಂಡರ್ ನೋಡಿ.”

ಅಂಕಿಗಳೆಲ್ಲ ಹಾಲಿನಲ್ಲಿ ಅದ್ದಿದಂತೆ ಮಸುಕಾಗಿದ್ದವು. ಅವಳು ಕೈಯಲ್ಲಿದ್ದ ಕೊಳವೆಯನ್ನು ಕೆಳಗಿಟ್ಟಳು. “ನನ್ನನ್ನ ಕೆಲಸ ಬಿಡಿಸಿ ಮನೆಗೆ ಕಳಿಸಿಬಿಡ್ತಾರೆ.”

“ಕಳಿಸಿದ್ರೆ ನಾನ್ಯಾರ ಹತ್ರ ಜಗಳ ಆಡ್ಲಿ? ಬನ್ನಿ, ಮೇಡಂಗೆ ನಾನು ಹೇಳ್ತೀನಿ.”

“ಬೇಡ, ನಾನೇ ಹೇಳ್ತೀನಿ. ಮಾತ್ರೆ ನುಂಗೋರಿಗೆ ತೊಂದರೆಯಾಗ್ಬಾರ್ದು.”

ಲ್ಯಾಬಿನ ಮೇಡಂ ಗದರಲಿಲ್ಲ. “ಕಣ್ಣಿಗೆ ಪೊರೆ ಬಂದ್ರೆ ತೆಗೆಸೋದು, ಅಷ್ಟೇ. ಅಲ್ಲೀವರೆಗೂ ತೂಕದ ಕೆಲಸ ಮಾಡಿ. ಈಚೆಗೆ ನೀವು ನೋಡಿದ್ದನ್ನೆಲ್ಲ ಇನ್ನೊಮ್ಮೆ ನೋಡಿಸೋಣ” ಎಂದರು. ಆ ಭಾರವೆಲ್ಲ ವಟವಟನ ತಲೆಗೇ ಬಿತ್ತು. ಗೊಣಗುತ್ತಲೇ ಒಂದನ್ನೂ ಬಿಡದೆ ನೋಡಿ ಮುಗಿಸಿದ. ಪುಣ್ಯಕ್ಕೆ, ಕೆಟ್ಟದ್ದು ಯಾವುದೂ ದಾಟಿ ಹೋಗಿರಲಿಲ್ಲ.

ಆಪರೇಷನ್ ಆದ ಮೇಲೆ ಅವಳ ಅತ್ತೆಯದೇ ದರ್ಬಾರು. ಹೊತ್ತುಹೊತ್ತಿಗೆ ಕಣ್ಣಿಗೆ ಹನಿ ಹಾಕುವರು, ಒಲೆಯ ಹತ್ತಿರ ಸುಳಿಯಗೊಡರು. “ಕಣ್ಣುಜ್ಜಿದ್ರೆ ಕೈ ಕಟ್ಟಿಹಾಕ್ತೀನಿ ನೋಡು” ಎಂದು ಹೆದರಿಸುವರು. ಗಂಡ ಸಾರಿಗೆ ಎರಡೆರಡು ಸಲ ಉಪ್ಪು ಹಾಕಿದರೂ ಅವಳು ಚಪ್ಪರಿಸಿಕೊಂಡು ಉಂಡಳು.

ಕೆಲಸಕ್ಕೆ ಮರಳಿದ ದಿನ ಕೊಳವೆಯ ತಳದಲ್ಲಿ ಮೊದಲ ಪಸೆ ಮಿನುಗಿದ್ದು ಅವಳಿಗೆ ಸ್ಪಷ್ಟವಾಗಿ ಕಂಡಿತು. ವಟವಟನೂ ನೋಡಿ ತಲೆಯಾಡಿಸಿದ. ಅವಳು ಅವನತ್ತ ತಿರುಗಿದಳು. “ಅವತ್ತು ನೀವು ಸುಮ್ಮನಿದ್ದಿದ್ರೆ...”

“ಸುಮ್ಮನಿರೋದು ಹೇಗಂತ ನನಗೆ ಗೊತ್ತಿದ್ರೆ ತಾನೇ!” ಎಂದು ಅವನು ಕೊಳವೆ ತರುವ ನೆಪದಲ್ಲಿ ಎದ್ದುಹೋದ.

ಸಂಜೆ ಮನೆಯಲ್ಲಿ ಅತ್ತೆ ತರಕಾರಿ ಹೆಚ್ಚುತ್ತ ಕೂತಿದ್ದರು. ಅವರ ಕಣ್ಣ ಸುತ್ತ ಎಷ್ಟೊಂದು ಸುಕ್ಕು, ಮುಖದಲ್ಲಿ ಎಂಥ ದಣಿವು! ಅವಳು ಚಾಕು ಇಸಿದುಕೊಂಡಳು.

“ಏಳಿ ಅತ್ತೆ, ಸ್ವಲ್ಪ ಕಾಲು ಚಾಚಿ ಮಲಗಿ. ಇವತ್ತಿಂದ ಅಡುಗೆ ನಂದು.”